ಬೆರಳಿನ ರಕ್ತ, ತೋಳಿನ ರಕ್ತ

ಹೂವಿನ ತೋಟದ ಮೂಲೆಯಲ್ಲಿರುವ ಎರಡು ಕೋಣೆಯ ಪ್ರಯೋಗಾಲಯದಲ್ಲಿ ಲ್ಯಾಬ್ ಅಕ್ಕ ಇಪ್ಪತ್ತೆರಡು ವರ್ಷದಿಂದ ಒಂದೇ ಕೆಲಸ ಮಾಡುತ್ತಿದ್ದಾಳೆ: ಹುಳದ ಔಷಧಿ ಹೊಡೆಯುವವರ ರಕ್ತದಲ್ಲಿ ಒಂದು ಕಿಣ್ವ ಎಷ್ಟು ಚುರುಕಾಗಿದೆ ಎಂದು ಅಳೆಯುವುದು. ಒಬ್ಬೊಬ್ಬರ ರಕ್ತ ಒಂದೊಂದು ಥರ. ಅದಕ್ಕೇ ಔಷಧಿ ಮುಟ್ಟುವ ಮುಂಚೆಯೇ ಪ್ರತಿಯೊಬ್ಬರದೂ ಅಳೆದು, ಅದನ್ನು ಅವರವರ ನೂರು ಎಂದು ಬರೆದಿಡುತ್ತಾಳೆ. ಔಷಧಿ ಮೈಗೇರಿ ಅಳತೆ ಎಪ್ಪತ್ತಕ್ಕಿಂತ ಇಳಿದರೆ ಪಂಪು ಕೆಳಗಿಡಬೇಕು. ಅವಳ ಹತ್ತಿರ ಚೌಕಾಸಿ ನಡೆಯುವುದಿಲ್ಲ.

ಆ ಬೆಳಿಗ್ಗೆ ಔಷಧಿ ಹೊಡೆಯುವ ಪಂಪಿನಣ್ಣನ ಬೆರಳು ಚುಚ್ಚಿ ತೆಗೆದ ಹನಿ ನಲವತ್ತು ತೋರಿಸಿತು. ಅವನ ಮುಖ ಇಳಿದುಹೋಯಿತು. ಪಂಪು ಬಿಟ್ಟವರನ್ನು ಮೂರು ತಿಂಗಳು ಪ್ಯಾಕಿಂಗ್ ಕೋಣೆಗೆ ಹಾಕುತ್ತಾರೆ. ಅಲ್ಲಿನ ಮೇಲ್ವಿಚಾರಕಿ ಅವನ ಅತ್ತೆ.

"ಮೂರು ತಿಂಗಳು ಅವರ ಕೈಕೆಳಗಾ ಅಕ್ಕಾ? ಮನೇಲಿ ಬೈಸ್ಕೊಳ್ಳೋದು ಸಾಲ್ದಾ?"

"ಬೈಸ್ಕೊಂಡು ಯಾರೂ ಸತ್ತಿಲ್ಲ. ಬೆಳಕಿನ ಕಡೆ ತಿರುಗು."

ಕಣ್ಣಪಾಪೆ ಕುಗ್ಗಿರಲಿಲ್ಲ. ಬೆವರಿಲ್ಲ, ಜೊಲ್ಲಿಲ್ಲ, ಕೈನಡುಕವಿಲ್ಲ. ಕೆಲವರಲ್ಲಿ ವಿಷವೇರಿದ ಲಕ್ಷಣ ಕಾಣಿಸುವುದಿಲ್ಲ, ನಿಜ. ಆದರೂ ಹೋದ ತಿಂಗಳು ಎಂಬತ್ತೆರಡಿದ್ದವನು ಒಮ್ಮೆಗೇ ನಲವತ್ತೇ?

"ಬರೋ ಮುಂಚೆ ಕೈ ಯಾವುದ್ರಲ್ಲಿ ಒರೆಸ್ಕೊಂಡೆ?"

"ನೀಟಾಗಿ ಬಾ ಅಂದಿದ್ರಲ್ಲ, ಕರ್ಚೀಫಲ್ಲಿ!" ಹೆಮ್ಮೆಯಿಂದ ತೆಗೆದು ತೋರಿಸಿದ. "ಈಗಷ್ಟೇ ಪಂಪಿನ ಮೂತಿನೂ ಇದ್ರಲ್ಲೇ ಒರೆಸಿದ್ದು."

ಅಕ್ಕ ಹಣೆ ಚಚ್ಚಿಕೊಂಡಳು. ಚರ್ಮದ ಮೇಲಿನ ಔಷಧಿ ರಕ್ತದ ಹನಿಗೇ ಬೆರೆತಿರಬೇಕು. ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಸಾಕೆಂದುಕೊಂಡದ್ದು ಅವಳದೇ ತಪ್ಪು.

"ನೋಡು, ನರ 'ಎಳಿ' ಅಂದ್ರೆ ಸ್ನಾಯು ಎಳೆಯುತ್ತೆ. ಆಮೇಲೆ ಆ ಮಾತನ್ನ ಅಳಿಸೋದು ಈ ಕಿಣ್ವ. ಔಷಧಿ ಅದರ ಕೈ ಕಟ್ಟುತ್ತೆ. ಅಳಿಸೋರಿಲ್ದೆ ಮೈಯೆಲ್ಲ ಎಳೀತಾನೇ ಇರುತ್ತೆ. ಹುಳಕ್ಕೂ ಅಷ್ಟೇ, ನಿನಗೂ ಅಷ್ಟೇ."

"ಹುಳಾನೂ ನಾನೂ ಒಂದೇನಾ?"

"ಹುಳ ಕರ್ಚೀಫ್ ಇಟ್ಕೊಳ್ಳಲ್ಲ. ಹೋಗು, ಮೊಣಕೈವರೆಗೂ ಸೋಪು ಹಾಕಿ ತೊಳ್ಕೊಂಡು ಬಾ."

ಈ ಸಲ ತೋಳಿನಿಂದ ರಕ್ತ ತೆಗೆದಳು. ಯಂತ್ರ ಅಳೆದು ಮುಗಿಸುವವರೆಗೆ ಪಂಪಿನಣ್ಣ ಕುರ್ಚಿಯ ತುದಿಯಲ್ಲಿ ಕೂತು ಅತ್ತೆಯ ಒಳ್ಳೆಯ ಗುಣಗಳನ್ನು ಹುಡುಕಿದ. ಎರಡು ಸಿಕ್ಕವು.

ಎಪ್ಪತ್ತಾರು.

"ಬದುಕಿದೆ!"

"ಕುಣೀಬೇಡ. ಎಂಬತ್ತಕ್ಕಿಂತ ಕಡಿಮೆ ಬಂದ್ರೆ ಕೆಲಸ ಮಾಡೋ ರೀತಿ ನೋಡ್ಬೇಕು. ನಾಳೆ ನಾನೇ ಬರ್ತೀನಿ."

"ನೀವಾದ್ರೆ ಬನ್ನಿ ಅಕ್ಕಾ!" ಎನ್ನುತ್ತಾ ಅವನು ಪಂಪಿನ ಕಡೆ ಓಡಿದ.

ಅಕ್ಕ ವರದಿಯಲ್ಲಿ ನಲವತ್ತನ್ನು ಹೊಡೆದುಹಾಕಲಿಲ್ಲ. ಪಕ್ಕದಲ್ಲಿ 'ಕೈ ತೊಳೆಸಿರಲಿಲ್ಲ, ತಪ್ಪು ನನ್ನದು' ಎಂದು ಬರೆದು ಸಹಿ ಹಾಕುವಷ್ಟರಲ್ಲಿ ಪ್ಯಾಕಿಂಗ್ ಕೋಣೆಯಿಂದ ಫೋನು ಬಂತು.

"ನಮ್ಮ ಅಳಿಯ ಇಲ್ಲಿಗೆ ಬರ್ತಾನಂತೆ? ಸ್ಟೂಲು ಒರೆಸಿಟ್ಟಿದ್ದೀನಿ."

"ಇಲ್ಲಮ್ಮಾ, ಸದ್ಯಕ್ಕೆ ಬರಲ್ಲ."

ಆ ಕಡೆಯಿಂದ ಉದ್ದನೆಯ ನಿಟ್ಟುಸಿರು ಕೇಳಿಸಿತು. ಅದು ಸಮಾಧಾನದ್ದೋ ನಿರಾಸೆಯದ್ದೋ, ಅಕ್ಕ ಕೇಳಲು ಹೋಗಲಿಲ್ಲ.