ಮಾಸ್ತರರ ಟ್ರಂಪೆಟ್ಟೂ ನನ್ನ ಹುಣಸೆಹಣ್ಣೂ

ಬ್ಯಾಂಡ್ ಮಾಸ್ತರರ ಮೇಲ್ದುಟಿಯ ನಟ್ಟನಡುವೆ ಉಂಗುರದಂಥ ಒಂದು ಗುರುತಿತ್ತು. ನಲವತ್ತು ವರ್ಷ ಟ್ರಂಪೆಟ್ಟಿನ ಬಾಯಿ ಅದೇ ಜಾಗದಲ್ಲಿ ಒತ್ತಿ ಒತ್ತಿ ಆಗಿದ್ದ ಕಲೆ. ಊದಲು ಅಡ್ಡಿಯೆಂದು ಅವರು ಮೀಸೆ ಬಿಟ್ಟವರಲ್ಲ. ಹೀಗಾಗಿ ಎದುರು ನಿಂತವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಕೋಟಿನ ಅಳತೆ ತೆಗೆದುಕೊಳ್ಳುವಾಗ ನಾನೂ ಕದ್ದು ಅದನ್ನೇ ನೋಡುತ್ತಿದ್ದೆ.

ಸದಲಗಾದ ನಮ್ಮ ಓಣಿಯಲ್ಲಿ ನನ್ನದು ಹೊಲಿಗೆ ಅಂಗಡಿ. ಎದುರು ಮನೆ ಮಾಸ್ತರರದು. ಅವರ ಬ್ಯಾಂಡಿನವರ ಕೆಂಪು ಕೋಟು, ಹೆಗಲ ಮೇಲಿನ ಜರಿ, ತೋಳಿನ ಪಟ್ಟಿ ಎಲ್ಲ ನನ್ನ ಮಷೀನಿನಿಂದಲೇ ಹೊರಟವು. ನಿಪ್ಪಾಣಿ, ಚಿಕ್ಕೋಡಿ, ಅಥಣಿ, ಕಾಗವಾಡ, ಎಲ್ಲಿ ಮದುವೆಯಿದ್ದರೂ, ಬಸದಿಯ ಮೆರವಣಿಗೆಯಿದ್ದರೂ ಈ ಬ್ಯಾಂಡೇ ಬೇಕು ಅನ್ನುವವರಿದ್ದರು. ಡಿಜೆ ಬಂದ ಮೇಲೆ ಕರೆಯುವವರು ಕಡಿಮೆಯಾದರು. ಮಾಸ್ತರರು ಅದಕ್ಕೂ "ಅಸೂ ದೇ" ಅಂದರು. ಇರಲಿ ಬಿಡು ಅನ್ನುವ ಮರಾಠಿ ಮಾತು. ಅವರ ಬಾಯಲ್ಲಿ ದಿನಕ್ಕೆ ಇಪ್ಪತ್ತು ಸಲ ಬರುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ಅವರು ಅಸೂ ದೇ ಅಂದವರಲ್ಲ. ಅದು ಅವರ ಟ್ರಂಪೆಟ್ಟು. ಬಂಗಾರದ ಬಣ್ಣದ ಹಿತ್ತಾಳೆ, ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಮೆರುಗೆಣ್ಣೆಯ ಪದರ. ಅದಕ್ಕೆ ಲ್ಯಾಕರ್ ಅನ್ನುತ್ತಿದ್ದರು. ಊದಿ ಮುಗಿಸಿದರೆ ತಾವು ನೀರು ಕುಡಿಯುವ ಮೊದಲು ಅದರೊಳಗಿನ ನೀರು ಬಸಿದು, ಮಲ್‌ಮಲ್ ಬಟ್ಟೆಯಿಂದ ಒರೆಸಬೇಕು. ಆ ಬಟ್ಟೆ ಕೊಡುವವಳು ನಾನು. ಕೊಟ್ಟ ತುಂಡನ್ನು ಮೊದಲು ತಮ್ಮ ಗಲ್ಲಕ್ಕೆ ಸವರಿಕೊಂಡು ನೋಡುವರು. ನೂಲು ಒರಟಾಗಿದ್ದರೆ, "ಇದರಾಗ ನಿನ್ನ ಮಷೀನ್ ಒರಸ್ಕೋ ತಂಗಿ" ಅಂತ ವಾಪಸು ಕೊಡುವರು. ಮದುವೆಯ ಮನೆಯವರು ಉಂಡಿ ತಿಂದ ತುಪ್ಪದ ಕೈಯಿಂದ ಮುಟ್ಟಲು ಬಂದರೆ ಟ್ರಂಪೆಟ್ಟನ್ನು ಎದೆಗವಚಿಕೊಂಡು ಹಿಂದೆ ಸರಿಯುವರು. ಖಂಡೇನವಮಿಗೆ ಊರೆಲ್ಲ ತಮ್ಮ ತಮ್ಮ ಕೆಲಸದ ಸಾಮಾನಿಗೆ ಕುಂಕುಮ ಹಚ್ಚಿದರೆ ಇವರು ಪೆಟ್ಟಿಗೆಗೆ ಮಾತ್ರ ಹಚ್ಚುವರು. ಕುಂಕುಮದಲ್ಲಿ ನಿಂಬೆಯ ಹುಳಿ ಇರುತ್ತದೆ, ಲ್ಯಾಕರ್‌ಗೆ ಆಗುವುದಿಲ್ಲ ಅನ್ನುವುದು ಅವರ ವಾದ. "ದೇವರು ಪೆಟಗಿ ಹೊರಗ ನಿಂತೂ ಆಶೀರ್ವಾದ ಮಾಡತಾನ" ಅನ್ನುವರು.

ಕಲಿಯಲು ಬಂದವರಿಗೂ ಅದೇ ಕಟ್ಟುನಿಟ್ಟು. ಶಿರಗುಪ್ಪಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಎರಡು ಮಕ್ಕಳ ತಂದೆಯಾದ ಒಬ್ಬ ಶಿಷ್ಯನಿದ್ದ. ಅವನು ಹಿಡಿದ ವಾದ್ಯ ತಿಂಗಳೊಳಗೆ ಮಂಕಾಗುತ್ತಿತ್ತು. "ಕೆಲವರ ಬೆವರು ಹಿತ್ತಾಳಿ ತಿಂತೈತಿ. ನಿಂದು ಆ ಜಾತಿ ಬೆವರು. ಕೈಚೀಲ ಹಾಕ್ಕೋ" ಅಂತ ಅವನಿಗೆ ಬಿಳಿ ಕೈಗವಸು ಹಾಕಿಸಿದ್ದರು. ನಮ್ಮ ಕಡೆ ಅದಕ್ಕೆ ಕೈಚೀಲ ಅನ್ನುತ್ತೇವೆ. ಉಳಿದವರ ಬೆರಳ ಮೇಲೆ ತಮ್ಮ ಬೆರಳಿಟ್ಟು, ಗುಂಡಿಯನ್ನು ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಅಂತ ಕಲಿಸುವರು. ಬಾಯಿಂದ ಹೇಳಿಕೊಟ್ಟದ್ದು ಕಡಿಮೆ. ಅವರ ಪಾಠವೆಲ್ಲ ಬೆರಳಿನದು.

ಮೂರು ವರ್ಷದ ಹಿಂದೆ, ದಸರೆಗೆ ಮುಂಚೆ, ಅವರ ಕಣ್ಣಿಗೆ ಮೀರಜಿನಲ್ಲಿ ಆಪರೇಷನ್ ಆಯಿತು. ಹೆಂಡತಿಯೂ ಜೊತೆಗೆ ಹೋದರು. ಅದೇ ವಾರ ಮನೆಗೆ ಸುಣ್ಣ ಬಳಿಸುವುದಿತ್ತು. ಸುಣ್ಣದ ಧೂಳಿನಲ್ಲಿ ಟ್ರಂಪೆಟ್ಟು ಬಿಟ್ಟುಹೋಗಲು ಮನಸ್ಸಾಗದೆ ಪೆಟ್ಟಿಗೆ ತಂದು ನನ್ನ ಕಪಾಟಿನಲ್ಲಿಟ್ಟರು.

"ಪೆಟಗಿ ತೆಗೀಬ್ಯಾಡ ತಂಗಿ. ಹಂಗ ಇರಲಿ" ಅಂದರು. ಹೊರಗೆ ಹೋಗಿ ಓಣಿಯವರ ಮುಂದೆ, "ಆಕಿ ಮನ್ಯಾಗ ಇಟ್ಟೇನಿ, ಇನ್ನ ಚಿಂತಿ ಇಲ್ಲ" ಅಂದದ್ದೂ ನನಗೆ ಕೇಳಿಸಿತು.

ನಾನು ಪೆಟ್ಟಿಗೆ ತೆಗೆದೆ. ಯಾಕೆ ತೆಗೆದೆ ಅಂದರೆ, ಅಂದು ನಮ್ಮ ಮನೆಯ ಹಿತ್ತಾಳೆ ಸಾಮಾನೆಲ್ಲ ಅಂಗಳಕ್ಕೆ ಬಂದಿತ್ತು. ನಮ್ಮ ಕಡೆ ದಸರೆಗೆ ಹಂಡೆ, ಕೊಡ, ದೀಪದ ಸಮೆ, ತಟ್ಟೆ ಎಲ್ಲ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕದೆ ಹಬ್ಬ ಶುರುವಾಗುವುದಿಲ್ಲ. ಹಿತ್ತಾಳೆ ತಿಕ್ಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಮದುವೆಯಾಗಿ ಬಂದಾಗಿನಿಂದ ಇತ್ತು. ಟ್ರಂಪೆಟ್ಟಿನ ನಡುಭಾಗದಲ್ಲಿ, ಎಡಗೈ ಹಿಡಿಯುವ ಕಡೆ, ನಾಲ್ಕೈದು ಕಂದು ಚುಕ್ಕೆ ಕಂಡವು. ಪಾಪ, ಗಂಡಸರು, ಬಟ್ಟೆಯಲ್ಲಿ ಒರೆಸಿದರೆ ಹಿತ್ತಾಳೆ ಬೆಳಗುತ್ತದೆಯೇ ಅಂದುಕೊಂಡೆ. ಕಣ್ಣಿನ ಪಟ್ಟಿ ಬಿಚ್ಚಿ ನೋಡಿದಾಗ ಮಾಸ್ತರರು ಬೆರಗಾಗಬೇಕು ಅಂದುಕೊಂಡೆ.

ಕುದಿಯುವ ನೀರು ಸುರಿದೆ. ಹುಣಸೆಹಣ್ಣು ಹಚ್ಚಿದೆ. ಬೂದಿ ಹಾಕಿ ತಿಕ್ಕಿದೆ. ಚುಕ್ಕೆಯಿದ್ದ ಕಡೆ ಈರುಳ್ಳಿಯ ಒಳಸಿಪ್ಪೆಯಂಥದ್ದು ಏನೋ ಎದ್ದು ಬಂತು. ಹಳೆಯ ಜಿಡ್ಡು ಬಿಡುತ್ತಿದೆ ಅಂತ ಇನ್ನೂ ಜೋರಾಗಿ ತಿಕ್ಕಿದೆ. ತೊಳೆದು ಬಿಸಿಲಿಗೆ ಹಿಡಿದಾಗ ಕಣ್ಣು ಕೋರೈಸಿತು. ನನ್ನ ಕೈಯ ಬಗ್ಗೆ ನನಗೇ ಹೆಮ್ಮೆಯಾಯಿತು.

ಮಾಸ್ತರರು ಕರಿ ಕನ್ನಡಕ ಹಾಕಿಕೊಂಡು ಬಂದರು. ಇನ್ನೂ ಎಲ್ಲ ಮಬ್ಬು ಮಬ್ಬು ಅನ್ನುತ್ತಿದ್ದರು. ಅವರೇ ನೋಡಿ ಖುಷಿಪಡಲಿ ಅಂತ ನಾನು ಬಾಯಿ ಬಿಡಲಿಲ್ಲ. ಪೆಟ್ಟಿಗೆ ಕೊಟ್ಟೆ, ಅವರು ಒಯ್ದರು.

ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ಟ್ರಂಪೆಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರು. ಕನ್ನಡಕ ಹೋಗಿತ್ತು, ಕಣ್ಣು ನಿಚ್ಚಳವಾಗಿತ್ತು. ಬಟ್ಟೆ ಬಿಚ್ಚಿ ತೋರಿಸಿದರು. ಎಡಗೈ ಹಿಡಿಯುವ ಜಾಗವೆಲ್ಲ ಕಪ್ಪು, ಅದರ ಅಂಚಿಗೆ ಹಸಿರು, ಮೇಲೆಲ್ಲ ಗೀರು ಗೀರು. ನಾನು ಜೋರಾಗಿ ತಿಕ್ಕಿದ ಜಾಗ ಅದೇ. ಜಿಡ್ಡು ಅಂತ ನಾನು ತಿಕ್ಕಿ ತೆಗೆದದ್ದು ಲ್ಯಾಕರ್ ಅಂತ ಆಗ ತಿಳಿಯಿತು.

"ನೋಡ ತಂಗಿ, ನನ್ನ ಬೆವರೂ ಕೆಟ್ಟತು. ಸಕ್ಕರಿ ಬ್ಯಾನಿ ಬಂದಾಗಿಂದ ಹಿಂಗ ಆಗಿರಬೇಕು. ಲ್ಯಾಕರ್ ಪೂರಾ ತಿಂದ ಬಿಟ್ಟೇನಿ" ಅಂದರು. ಸಿಟ್ಟಿರಲಿಲ್ಲ. ನಾಚಿಕೆ ಇತ್ತು. "ಆ ಶಿರಗುಪ್ಪಿಯವಗ ಎಷ್ಟ ಬೈದಿದ್ದೆ. ಈಗ ನನಗೂ ಕೈಚೀಲ ಹೊಲದ ಕೊಡು."

ಆಗ ಹೇಳಬಹುದಿತ್ತು. ಒಂದೇ ಮಾತು. ಮಾಸ್ತರರೇ, ನಿಮ್ಮ ಬೆವರಲ್ಲ, ನನ್ನ ಹುಣಸೆಹಣ್ಣು. ಆದರೆ ಅಂಗಡಿಯಲ್ಲಿ ಇಬ್ಬರು ಹೆಂಗಸರು ಕುಪ್ಪಸಕ್ಕೆ ಕಾಯುತ್ತ ಕುಳಿತಿದ್ದರು. ಅವರ ಮುಂದೆ ಹೇಗೆ ಹೇಳುವುದು ಅಂತ ನೆಪ ಸಿಕ್ಕಿತು. ಅವರ ಬಲಗೈಯನ್ನು ಕಾಗದದ ಮೇಲೆ ಇಡಿಸಿ, ಬೆರಳ ಸುತ್ತ ಚಾಕ್‌ಪೀಸಿನಿಂದ ಗೆರೆ ಎಳೆದೆ. ಆಮೇಲೆ ಎಡಗೈ. ತಣ್ಣಗಿನ, ಒಣಗಿದ ಕೈ. ಬೆವರಿನ ಪಸೆ ಕೂಡ ಇರಲಿಲ್ಲ. ಅದು ನನ್ನ ಗಮನಕ್ಕೆ ಬಂತು, ಆದರೂ ಗೆರೆ ಎಳೆಯುತ್ತಲೇ ಹೋದೆ. ಎರಡು ದಿನದಲ್ಲಿ ಕೈಚೀಲ ಹೊಲಿದುಕೊಟ್ಟೆ. ನಾನು ಹೊಲಿದುದರಲ್ಲೆಲ್ಲ ಅಷ್ಟು ಸಣ್ಣ ಹೊಲಿಗೆಯದು ಇನ್ನೊಂದಿಲ್ಲ. ತಪ್ಪನ್ನು ಸಣ್ಣ ಹೊಲಿಗೆಯಿಂದ ಮುಚ್ಚಲು ಹೊರಟಿದ್ದೆ ಅಂತ ಈಗ ಅನ್ನಿಸುತ್ತದೆ.

ಕೈಚೀಲ ಹಾಕಿಕೊಂಡು ಅವರಿಗೆ ಊದಲು ಬರಲಿಲ್ಲ. ಗುಂಡಿ ಎಲ್ಲಿದೆಯೆಂದು ಬೆರಳಿಗೆ ತಿಳಿಯದು, ಸ್ವರ ತಡವಾಗಿ ಬೀಳುವುದು. ಕರೋಶಿಯ ಒಂದು ಮದುವೆಯಲ್ಲಿ ನಡುವೆಯೇ ನಿಲ್ಲಿಸಿ ಪಕ್ಕಕ್ಕೆ ಸರಿದರಂತೆ. ಆ ಬೇಸಿಗೆಗೆ ಟ್ರಂಪೆಟ್ಟನ್ನು ಶಿರಗುಪ್ಪಿಯ ಶಿಷ್ಯನಿಗೇ ಕೊಟ್ಟುಬಿಟ್ಟರು. "ನಿನಗ ಕೈಚೀಲದಾಗ ಊದೂದು ರೂಢಿ ಐತಿ. ನನ್ನ ಕೈಯಾಗ ಇದ್ರ ಪೂರಾ ಹಾಳಾಗತೈತಿ" ಅಂದರಂತೆ. ಕಲಿಸುವುದನ್ನು ಬಿಡಲಿಲ್ಲ. ಆದರೆ ಕಟ್ಟೆಯ ಮೇಲೆ ಕೈ ಕಟ್ಟಿಕೊಂಡು ಕುಳಿತು ಬಾಯಿಂದ ಹೇಳುವರು. ಯಾರ ಬೆರಳ ಮೇಲೂ ಬೆರಳಿಡಲಿಲ್ಲ. ಬೇರೆಯವರ ವಾದ್ಯಕ್ಕೆ ತಮ್ಮ ಬೆವರು ತಾಗಬಾರದಲ್ಲ. ಬಾಯಿಂದ ಹೇಳಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಒಬ್ಬೊಬ್ಬರೇ ಬರುವುದು ಬಿಟ್ಟರು.

ನಾನು ಎದುರಿಗೇ ಕೂತು ಇದನ್ನೆಲ್ಲ ನೋಡಿದೆ. ಎರಡು ವರ್ಷ. ಎಷ್ಟೋ ಸಲ ಮಷೀನು ನಿಲ್ಲಿಸಿ ಎದ್ದಿದ್ದೇನೆ. ಒಮ್ಮೆ ಅವರ ಕಟ್ಟೆಯ ತನಕ ಹೋಗಿ, "ಮಾಸ್ತರ, ಒಂದ ಮಾತ ಹೇಳೂದಿತ್ತು" ಅಂದೆ. "ಹೇಳ ತಂಗಿ" ಅಂದರು. "ಕೋಟಿನ ತೋಳ ಸಡಲ ಆಗೇತೇನ್ರಿ?" ಅಂತ ಕೇಳಿ ವಾಪಸು ಬಂದೆ. ಅವರು ಕೋಟು ಹಾಕದೆ ಒಂದು ವರ್ಷವಾಗಿತ್ತು. ಒಳ್ಳೆಯದಕ್ಕೇ ಮಾಡಿದ್ದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡದ್ದಕ್ಕೆ ಲೆಕ್ಕವಿಲ್ಲ. ತಿಕ್ಕಿದ್ದು ಒಳ್ಳೆಯದಕ್ಕೆ, ಸರಿ. ಸುಮ್ಮನಿದ್ದದ್ದು ಯಾರ ಒಳ್ಳೆಯದಕ್ಕೆ? ಮಾಸ್ತರರ ಬಾಯಲ್ಲಿ ನನ್ನ ಹೆಸರು ಕೆಡಬಾರದೆಂದು ಅವರ ಕೈಗಳ ಹೆಸರು ಕೆಡಿಸಿದೆ.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಎರಡೇ ದಿನದ ಜ್ವರ. ದೂಧಗಂಗೆ ತುಂಬಿ ರಸ್ತೆ ಮುಳುಗಿದ್ದರಿಂದ ಶಿರಗುಪ್ಪಿಯ ಶಿಷ್ಯನಿಗೆ ಮಣ್ಣು ಮಾಡುವಾಗಲೂ ಬರಲಾಗಲಿಲ್ಲ. ಊದುವವರಿಲ್ಲದೆ ಬ್ಯಾಂಡ್ ಮಾಸ್ತರರು ಹೋದರು.

ದಿನಕರ್ಮವೆಲ್ಲ ಮುಗಿದ ಮೇಲೆ ಅವರ ಹೆಂಡತಿಯ ಹತ್ತಿರ ಹೋಗಿ ಕುಳಿತೆ. ಎಲ್ಲ ಹೇಳಿದೆ. ಕುದಿಯುವ ನೀರು, ಹುಣಸೆಹಣ್ಣು, ಎದ್ದು ಬಂದ ಸಿಪ್ಪೆ, ಕೈಚೀಲದ ಅಳತೆ, ಒಂದನ್ನೂ ಬಿಡಲಿಲ್ಲ. ಬೈಯಲಿ ಅಂತಲೇ ಹೋಗಿದ್ದೆ. ಅತ್ತು ತಪ್ಪಾಯಿತು ಅಂದರೆ ಹೋಗಲಿ ಬಿಡು ಅಂದಾರು ಎಂಬ ಆಸೆಯೂ ಒಳಗೆಲ್ಲೋ ಇತ್ತು.

"ದಿನಾ ಮೂರ ಸರತಿ ಸಾಬಾಣ ಹಚ್ಚಿ ಕೈ ತೊಳಕೋತಿದ್ರು" ಅಂದರು ಅವರು. "ತೊಳಕೊಂಡು ಮೂಸಿ ನೋಡತಿದ್ರು. ಬೆವರು ಇನ್ನೂ ಹೋಗಿಲ್ಲೇನ ಇವಳೇ ಅಂತ ನನ್ನ ಕೇಳತಿದ್ರು."

"ತಪ್ಪಾತ್ರೀ" ಅಂದೆ.

"ಅದನ್ನ ನನಗ್ಯಾಕ ಹೇಳತೀ?" ಅಂದರು. ದನಿ ಏರಲಿಲ್ಲ. "ಅವರಿಗೆ ಹೇಳಬೇಕಾಗಿತ್ತು. ಎದುರಿಗೇ ಕುಂತಿದ್ರಲ್ಲ."

ಎದ್ದು ಒಳಗೆ ಹೋಗಿ ಚಹಾ ತಂದು ನನ್ನ ಮುಂದಿಟ್ಟರು. ಕುಡಿ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ನಾನು ಕುಡಿದು, ಕಪ್ಪು-ಬಸಿ ತೊಳೆದಿಟ್ಟು ಬಂದೆ.