ಎಡಕ್ಕೆ, ಕೆಳಗೆ, ನವರಂಗ

ನಮ್ಮ ಭಾವ ರವಿಚಂದ್ರ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಓಡಿಸುವವರು. ಅವರದು ಪೂರ್ತಿ ಮಗ್ಗದ ಬೀದಿ. ಬೆಳಗಾದರೆ ಲಟಲಟ ಶುರು. ಅದರ ನಡುವೆ ಮಾತಾಡಿ ಮಾತಾಡಿ ಅಲ್ಲಿನವರು ‘ಟೀ ಕುಡೀತೀರಾ’ ಅನ್ನುವುದನ್ನೂ ಜಗಳಕ್ಕೆ ಬಂದವರ ಹಾಗೆ ಕೇಳುತ್ತಾರೆ. ನಾನು ತೂಬಗೆರೆಯವನು, ಅವರ ಹೆಂಡತಿ ಅನಸೂಯಳ ತಮ್ಮ. ಅಕ್ಕನ ಮನೆಗೆ ಹೋಗಿ ಬಂದ ದಿನವೆಲ್ಲ ನನ್ನ ಹೆಂಡತಿ, ‘ಯಾಕ್ರೀ ಹಿಂಗೆ ಕಿರುಚ್ತೀರಾ’ ಎಂದು ಬೈಯುತ್ತಾಳೆ.

ಇಂಥ ಬೀದಿಯಲ್ಲಿದ್ದುಕೊಂಡು ಈ ಮನುಷ್ಯ ಹಕ್ಕಿ ನೋಡುವ ಗೀಳು ಹಚ್ಚಿಕೊಂಡರು. ಒಂದು ಚಳಿಗಾಲದಲ್ಲಿ ತಾರಸಿಯ ನೀರಿನ ತೊಟ್ಟಿ ಸೋರಿ, ಅಲ್ಲಿಗೊಂದು ಹಳದಿ ಸಿಪಿಲೆ ಬಾಲ ಕುಣಿಸುತ್ತ ಬಂದಿತ್ತು. ಹಿಮಾಲಯದ ಆಚೆಯಿಂದ ಹಾರಿ ಬಂದ ಹಕ್ಕಿ ನಮ್ಮ ತೊಟ್ಟಿಗೇ ಬಂತಲ್ಲ ಎಂದು ಭಾವ ಕರಗಿ ಹೋದರು. ಆ ಸೋರಿಕೆಯನ್ನು ಇವತ್ತಿಗೂ ರಿಪೇರಿ ಮಾಡಿಸಿಲ್ಲ. ದೀಪಾವಳಿ ಕಳೆಯಿತೆಂದರೆ ಮಂಕಿ ಟೋಪಿ, ಕುತ್ತಿಗೆಗೆ ಬೈನಾಕ್ಯುಲರ್, ಕೈಯಲ್ಲಿ ಟೀ ಲೋಟ, ಬೆಳಗ್ಗೆಯೇ ತಾರಸಿ. ರಜೆ ಸಿಕ್ಕರೆ ಬೆಂಗಳೂರಿನ ಹಕ್ಕಿಪ್ರಿಯರ ಗುಂಪೊಂದರ ಜೊತೆ ಊರೂರು ಸುತ್ತುತ್ತಿದ್ದರು. ಅಕ್ಕನಿಗೆ ಇದೆಲ್ಲ ತಲೆಹರಟೆ. ‘ಹಕ್ಕಿ ನೋಡೋಕೆ ಪೆಟ್ರೋಲ್ ಹಾಕ್ಕೊಂಡು ಹೋಗ್ತಾರಾ ಯಾರಾದ್ರೂ?’ ಎನ್ನುತ್ತಿದ್ದಳು.

ಕೊಕ್ಕರೆ, ಬಾತುಗಳೆಲ್ಲ ಸರಿ, ಕಣ್ಣಿಗೆ ಬೀಳುತ್ತವೆ. ಆದರೆ ನವರಂಗ ಅಂತ ಒಂದು ಹಕ್ಕಿಯಿದೆ. ಚಳಿಗಾಲಕ್ಕೆ ಉತ್ತರದಿಂದ ಬಂದು ಪೊದೆಯಡಿ ತರಗೆಲೆ ಕೆದಕುತ್ತ ಅಡಗಿರುತ್ತದೆ. ಮುಂಜಾನೆ, ಮುಸ್ಸಂಜೆಗೆ ಸಣ್ಣಗೆ ಸಿಳ್ಳೆ ಹಾಕುತ್ತದೆ. ಆ ಸಿಳ್ಳೆ ಹಿಡಿದು ಹೋದವರಿಗಷ್ಟೇ ಅದರ ದರ್ಶನ. ಭಾವನಿಗೆ ಅದನ್ನು ಒಂದು ಸಲ ನೋಡಬೇಕೆಂಬ ಆಸೆ, ಎಷ್ಟೋ ಚಳಿಗಾಲದಿಂದ.

ಕಳೆದ ಡಿಸೆಂಬರ್‌ನಲ್ಲಿ ಆ ಗುಂಪು ಕಾವೇರಿ ದಂಡೆಯ ಒಂದು ತೋಪಿಗೆ ಹೊರಟಾಗ ನನ್ನನ್ನೂ ಎಳೆದುಕೊಂಡು ಹೋದರು. ಮುಂದೆ ದಾರಿ ತೋರಿಸುತ್ತಿದ್ದವಳು ಯಶಸ್ವಿನಿ ಎಂಬ ಹುಡುಗಿ. ಹೊತ್ತು ಮೂಡುತ್ತಿತ್ತು. ಸಿಳ್ಳೆ ಕೇಳಿಸಿತು, ನನಗೂ ಕೇಳಿಸಿತು. ಎಲ್ಲರೂ ಉಸಿರು ಬಿಗಿಹಿಡಿದು ಒಂದೇ ಕಡೆ ತಿರುಗಿದರು. ಭಾವ ಮಾತ್ರ ಅತ್ತ ಇತ್ತ ನೋಡಿ, ತಮ್ಮ ಬೀದಿಯ ಗಂಟಲಲ್ಲಿ, ‘ಎಲ್ಲಿ? ಯಾವ್ ಕಡೆ?’ ಎಂದರು. ಪೊದೆಯೊಳಗಿಂದ ಏನೋ ಪುರ್ರನೆ ಹಾರಿಹೋಯಿತು.

‘ಅಂಕಲ್, ಸ್ವಲ್ಪ ವಾಲ್ಯೂಮ್ ಕಮ್ಮಿ ಮಾಡ್ಕೊಳ್ಳಿ,’ ಎಂದ ಒಬ್ಬ. ನಾಲ್ಕಾರು ಜನ ನಕ್ಕರು. ಯಶಸ್ವಿನಿ ಅವನನ್ನು ಗದರಿದಳು, ಆದರೆ ಆಗಬೇಕಾದ್ದು ಆಗಿಹೋಗಿತ್ತು. ನನಗೆ ಮೈಯೆಲ್ಲ ಉರಿಯಿತು. ನಗುವವರೇನು ಬಲ್ಲರು, ಎದೆಗೆ ಗುದ್ದುವ ಸದ್ದಿನಲ್ಲಿ ಬದುಕು ಸವೆಸುವುದು ಅಂದರೆ ಏನೆಂದು?

ಭಾವನಿಗೆ ಸಣ್ಣ ಸದ್ದು ಕೇಳಿಸುವುದಿಲ್ಲವೆಂದು ನನಗೆ ತಿಳಿದದ್ದು ಆವತ್ತೇ. ಅವರ ಬೀದಿಯಲ್ಲಿ ತಿಳಿಯುವುದಾದರೂ ಹೇಗೆ? ಕೇಳುವವರೂ ಕಿರುಚುತ್ತಾರೆ, ಕೇಳಿಸದವರೂ ಕಿರುಚುತ್ತಾರೆ. ಬರುವಾಗ ಬಸ್ಸಿನಲ್ಲಿ ಭಾವ, ‘ಈ ಬೆಂಗಳೂರೋರು ಬಾಯೊಳಗೇ ಮಾತಾಡ್ತಾರೆ ಕಣೋ,’ ಎಂದರು. ಊರು ಮುಟ್ಟಿದ್ದೇ ಬೈನಾಕ್ಯುಲರ್ ಅಕ್ಕನ ಸೀರೆಗಳ ಕೆಳಗೆ ಬೀರು ಸೇರಿತು. ತಾರಸಿಗೂ ಹತ್ತಲಿಲ್ಲ. ಕೇಳಿದರೆ ಮಂಡಿನೋವು ಅಂದರು.

ಸಂಕ್ರಾಂತಿಗೆ ಇಬ್ಬರೂ ನಮ್ಮ ಮನೆಗೆ ಬಂದರು. ಹಿತ್ತಿಲ ಹಳ್ಳದ ಹೊಂಗೆ ಮರಗಳ ಕಡೆಯಿಂದ ವಾರದಿಂದ ಸಂಜೆ ಸಂಜೆ ಅದೇ ಸಿಳ್ಳೆ ಬರುತ್ತಿತ್ತು. ತಡೆಯಲಾರದೆ ಹೇಳಿಬಿಟ್ಟೆ. ಭಾವ ಅವರೆಕಾಯಿ ಸುಲಿಯುವುದರಿಂದ ತಲೆಯೆತ್ತದೆ, ‘ಇರ್ಲಿ ಬಿಡು, ಅದರ ಪಾಡಿಗೆ ಅದು ಇರ್ಲಿ,’ ಎಂದರು.

ಅಕ್ಕ ಎದ್ದು ಮೊರ ಕಿತ್ತುಕೊಂಡಳು. ‘ಏಳ್ರೀ ಮೇಲೆ. ಮಂಡಿನೋವಂತೆ ಮಂಡಿನೋವು!’ ಚೀಲದಿಂದ ಬೈನಾಕ್ಯುಲರ್ ತೆಗೆದು ಅವರ ಕುತ್ತಿಗೆಗೆ ಹಾಕಿದಳು. ಊರಿಂದ ಸೀರೆಗಳ ಜೊತೆ ಅದನ್ನೂ ತಂದಿದ್ದಳು.

ಮೂವರೂ ಹಳ್ಳದ ಬದಿಗೆ ಹೋಗಿ ನಿಂತೆವು. ಬಿಸಿಲು ಇಳಿದಿತ್ತು. ಸಿಳ್ಳೆ ಬಂತು. ನಾನು ಬೆರಳು ತೋರಿಸುವ ಮೊದಲೇ ಅಕ್ಕ ಕೈಯೆತ್ತಿದಳು.

ಅಕ್ಕನೂ ಹಿಂದೆ ಭಾವನ ಮಗ್ಗದ ಶೆಡ್ಡಿನಲ್ಲೇ, ಅವರ ಪಕ್ಕದಲ್ಲಿ ನಿಂತು ನೇಯ್ದವಳು. ಆ ಸದ್ದಿನಲ್ಲಿ ಬಾಯಿ ಕೆಲಸಕ್ಕೆ ಬರುವುದಿಲ್ಲ, ಎಲ್ಲವೂ ಕೈಸನ್ನೆ. ಮುಷ್ಟಿ ಬಿಗಿದರೆ ಮಗ್ಗ ನಿಲ್ಲಿಸು. ಹೆಬ್ಬೆರಳು ತಿರುಗಿದ ಕಡೆಗೆ ನೋಡು. ಅಂಗೈ ಇಳಿಸಿದರೆ ಕೆಳಗೆ. ಎರಡು ಬೆರಳು ಜೋಡಿಸಿ ಎಳೆದರೆ, ಇಲ್ಲೇ ಎಳೆ ಹರಿದಿದೆ, ನೋಡು. ಈಗ ಅಕ್ಕ ಮುಷ್ಟಿ ಬಿಗಿದಳು, ಹೆಬ್ಬೆರಳನ್ನು ಎಡಕ್ಕೆ ತಿರುಗಿಸಿದಳು, ಅಂಗೈ ಇಳಿಸಿದಳು, ಬೆರಳು ಜೋಡಿಸಿ ಎಳೆದಳು.

ಭಾವನ ಕಣ್ಣು ಹರಿದ ಎಳೆಗೆ ಹೋಗುವ ಹಾಗೆ ನೇರ ಅಲ್ಲಿಗೇ ಹೋಯಿತು. ಹೊಂಗೆಯ ಬುಡದಲ್ಲಿ, ತರಗೆಲೆಯ ನಡುವೆ ನವರಂಗ ಕುಪ್ಪಳಿಸುತ್ತಿತ್ತು. ಹಸಿರು ಬೆನ್ನು, ಕಣ್ಣಿಗೆ ದಪ್ಪ ಕಾಡಿಗೆ, ಮೋಟು ಬಾಲದಡಿ ಕೆಂಪು. ಭಾವ ಬೈನಾಕ್ಯುಲರ್ ಕಣ್ಣಿಗೆ ಒತ್ತಿಕೊಂಡರು. ಅದು ಮತ್ತೆ ಕೂಗಿದಾಗ ಅಕ್ಕ ಅವರ ಬೆನ್ನ ಮೇಲೆ ಬೆರಳಿಂದ ತಟ್ಟಿದಳು, ಸಿಳ್ಳೆಯ ಹಾಗೇ ಒಂದು ಉದ್ದಕ್ಕೆ, ಒಂದು ಗಿಡ್ಡಕ್ಕೆ. ಕತ್ತಲಾಗಿ ಹಕ್ಕಿ ಪೊದೆ ಸೇರುವವರೆಗೂ ಮೂವರೂ ಹಾಗೇ ನಿಂತು ನೋಡಿದೆವು.

‘ನಂಗೆ ಕೇಳ್ಸಲ್ಲ ಕಣೇ ಅನಸೂಯ,’ ಎಂದರು ಭಾವ ಆಮೇಲೆ.

‘ಗೊತ್ತು. ನಾನು ಮಗ್ಗ ಬಿಟ್ಟು ಎಷ್ಟು ಕಾಲ ಆಯ್ತು? ಇನ್ನೂ ಹಿಂಗೆ ಕಿರುಚೋದು ಯಾರಿಗೋಸ್ಕರ ಅನ್ಕೊಂಡಿದ್ರಿ?’

ನಾನು ಹಳ್ಳದ ಕಡೆ ಮುಖ ತಿರುಗಿಸಿದೆ. ಅಕ್ಕನ ಗಂಟಲಿಗೆ ನಾನೂ ಎಷ್ಟು ನಕ್ಕಿದ್ದೆನೋ.

ಮುಂದಿನ ವಾರ ಯಶಸ್ವಿನಿ ಗುಂಪಿನ ವಾಟ್ಸಾಪ್‌ಗೆ ಹೊಸ ಪ್ರವಾಸದ ಸುದ್ದಿ ಹಾಕಿದಳು. ಭಾವ ತಾರಸಿಯ ಸಿಪಿಲೆಯ ಎದುರು ಕೂತು, ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದು ನನಗೂ ಕಳಿಸಿದ್ದರು: ‘ನಾವು ಇಬ್ಬರು ಬರ್ತೀವಿ. ನನಗೆ ಕಿವಿ ಕೇಳ್ಸಲ್ಲ. ನಮ್ಮನೆಯವರಿಗೆ ಕೇಳ್ಸುತ್ತೆ.’