ಎಡಗಿವಿಯ ಓಲೆ

ಅಂಗಡಿಯಕ್ಕನ ಬಲಗಿವಿಯಲ್ಲಿ ಕೆಂಪು ಹರಳಿನ ಓಲೆ ಹೊಳೆಯುತ್ತಿತ್ತು, ಎಡಗಿವಿ ಬರಿದು. ರಿಪೇರಿಗೆ ಬಂದ ಸ್ಪೀಕರಿನ ಒಳಗಿನ ಕಾಗದದ ಬಟ್ಟಲಿಗೆ ಎಡಗಿವಿ ಹಚ್ಚಿ, ಎರಡೂ ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಒತ್ತಿ, ಒಳಗೆ ಎಲ್ಲಾದರೂ ಕೆರೆಯುತ್ತದೆಯೇ ಎಂದು ಆಲಿಸುವುದು ಅವರ ಕ್ರಮ. ಓಲೆ ತಾಗಿದರೆ ಒದ್ದೆ ಕಾಗದ ಹರಿಯುತ್ತದೆಂದು ಒಮ್ಮೆ ತೆಗೆದಿಟ್ಟವರು ಮತ್ತೆ ಹಾಕಿರಲಿಲ್ಲ.

ಕುದ್ರೋಳಿಯಲ್ಲಿ ಅವರದು ಕಾರಿನ ರೇಡಿಯೋ, ಸ್ಪೀಕರ್ ರಿಪೇರಿಯ ಅಂಗಡಿ. ಗಂಡ ಗಲ್ಫಿಗೆ ಹೋದ ಮೇಲೆ ಅವರೇ ನಡೆಸುತ್ತಿದ್ದರು. ಹೊಸ ಗಿರಾಕಿಗಳು ಇಣುಕಿ, "ಯಜಮಾನ್ರು ಇಲ್ವಾ?" ಎಂದರೆ, "ಎದುರಿಗೇ ಇದ್ದಾರಲ್ಲ! ಗಾಡಿಗೆ ಎಂತ ಆದದ್ದು ಹೇಳಿ" ಎನ್ನುತ್ತಿದ್ದರು.

ಅಂಗಡಿಯ ಹಿಂದಿನ ಬಾಡಿಗೆ ಕೋಣೆಯಲ್ಲಿ ನಾನಿದ್ದೆ. ಮಕ್ಕಳೇ, ಅದು ನಿಮ್ಮ ಅಜ್ಜ ತೀರಿಕೊಂಡ ವರ್ಷ. ಹಳ್ಳಿ ಶಾಲೆಯ ಓದು ನನ್ನದು. ನಾಲ್ಕು ಜನರ ಎದುರು ಬಾಯಿ ಏಳುತ್ತಿರಲಿಲ್ಲ. ಜಗಲಿಯಲ್ಲಿ ತಲೆ ತಗ್ಗಿಸಿ ಬೀಡಿ ಕಟ್ಟುತ್ತಿದ್ದೆ. ಬಂದವರೆಲ್ಲ ಹೇಗಾಯಿತು, ಇನ್ನೇನು ಮಾಡುತ್ತಿ ಎಂದು ಕೆದಕುವವರೇ. ಅಕ್ಕ ಒಂದು ದಿನವೂ ಕೇಳಲಿಲ್ಲ. ನನ್ನ ಬೆರಳುಗಳನ್ನೇ ನೋಡುತ್ತಿದ್ದವರು ಒಂದು ದಿನ ಹರಿದ ಸ್ಪೀಕರ್ ತಂದು ಮಡಿಲಲ್ಲಿಟ್ಟರು.

"ಎಲೆ ಹರಿಯದ ಹಾಗೆ ಮಡಚ್ತಿ ಅಲ್ವಾ? ಈ ಕಾಗದದ ಅಂಚು ಅಂಟಿಸು ನೋಡುವ."

ಅಂಟಿಸಿದೆ. ಅಕ್ಕ ಕಿವಿ ಹಚ್ಚಿ ಆಲಿಸಿದರು. "ನಾಳೆಯಿಂದ ಒಳಗೆ ಬಾ ಮಾರಾಯ್ತಿ, ಅಲ್ಲಿ ಫ್ಯಾನ್ ಉಂಟು" ಎಂದರು. ನನಗೆ ಕೆಲಸ ಸಿಕ್ಕಿದ್ದು ಹಾಗೆ.

ಮಳೆಗಾಲವೇ ನಮ್ಮ ಸುಗ್ಗಿ. ರಸ್ತೆಯಲ್ಲಿ ನೀರು ನಿಂತು, ಕಾರಿನ ಬಾಗಿಲ ಸ್ಪೀಕರ್‌ಗಳು, ಸೀಟಿನ ಅಡಿಯ ಆಂಪ್ಲಿಫೈಯರ್ ಎಲ್ಲ ಕೆಸರು ಕುಡಿದು ಬರುತ್ತಿದ್ದವು. ಅಕ್ಕ ಮೊದಲು ಬ್ಯಾಟರಿಯ ವಯರ್ ಬಿಚ್ಚಿಸುತ್ತಿದ್ದರು. ಆಮೇಲೆ ಕೆಸರು ಒರೆಸಿ, ಸ್ಪಿರಿಟ್ ಅದ್ದಿದ ಬ್ರಶ್‌ನಿಂದ ಒಳಗನ್ನು ತಿಕ್ಕಿ, ಬಿಸಿಲಿಗೆ ಇಡದೆ ನೆರಳಿನ ಗಾಳಿಗೆ ಒಣಗಿಸುವುದು. ಗಿರಾಕಿಗಳಿಗೆ ತಾಳ್ಮೆ ಎಲ್ಲಿಂದ? "ಒಮ್ಮೆ ಹಾಕಿ ನೋಡುವ ಅಕ್ಕ, ಎಂತ ಆಗ್ತದೆ?" ಎಂದು ರೇಡಿಯೋ ಸೆಟ್ಟಿನ ಗುಂಡಿಗೆ ಕೈ ಚಾಚುವರು. ಅಕ್ಕ ಆ ಕೈಗೇ ಒಂದು ಪೆಟ್ಟು ಕೊಡುವರು: "ನೀರಿನಿಂದ ಹಾಳಾಗುವ ಸೆಟ್ ಕಡಿಮೆ. ಒದ್ದೆ ಇರುವಾಗ ಸ್ವಿಚ್ ಹಾಕಿದ್ರೆ ಸುಟ್ಟೇ ಹೋಗ್ತದೆ." ಅದನ್ನು ಕೇಳಿದಾಗಲೆಲ್ಲ, ಅವರು ನನ್ನನ್ನು ಏನೂ ಕೇಳದೆ ಬಿಟ್ಟದ್ದು ನೆನಪಾಗುತ್ತಿತ್ತು.

ಒಮ್ಮೆ ಮೊದಲ ಮಳೆಗೇ ಫಳ್ನೀರಿನ ಹೋಟೆಲಿನವರ ದೊಡ್ಡ ಕಾರು ನೀರಿಗೆ ಸಿಕ್ಕಿತು. ಅವರು ನಮ್ಮ ಅತಿ ದೊಡ್ಡ ಗಿರಾಕಿ. ಮರುವಾರ ಮಗನ ಮದುವೆ, ಅದೇ ಕಾರಿನಲ್ಲಿ ದಿಬ್ಬಣ. ಮನೆಯ ದೊಡ್ಡಮ್ಮ ಸ್ವತಃ ಬಂದರು. ಮೂಲೆಯಲ್ಲಿ ಸ್ಪೀಕರ್ ಬಿಚ್ಚುತ್ತಿದ್ದ ನನ್ನ ಬೋಳು ಹಣೆ ನೋಡಿ ದನಿ ತಗ್ಗಿಸಿದರು.

"ಇದು ಮದುವೆಯ ಗಾಡಿ ಅಲ್ವಾ... ಅವಳು ಮುಟ್ಟುವುದು ಬೇಡ. ನೀವೇ ಮಾಡಿ."

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ. ಅಕ್ಕ ದೊಡ್ಡಮ್ಮನ ಕಡೆ ತಿರುಗಿದರು.

"ಕಾಗದದ ಕೆಲಸ ಅವಳದ್ದೇ ಅಮ್ಮ. ನನಗಿಂತ ಚಂದ ಮಾಡ್ತಾಳೆ. ಅವಳು ಬೇಡದಿದ್ರೆ ಗಾಡಿ ಬೇರೆ ಕಡೆ ಕೊಂಡುಹೋಗಿ."

"ನಾನು ಒಳಗೆ ಹೋಗ್ತೇನೆ ಅಕ್ಕ, ಅವರ ಗಾಡಿ ಬಿಡಬೇಡಿ," ಎಂದೆ.

"ನೀನು ಸುಮ್ಮನೆ ಕೂತ್ಕೊ."

ಗಾಡಿ ಹೋಯಿತು. ಅವರ ಮನೆಯ ಬೇರೆ ಕಾರುಗಳೂ ಮತ್ತೆ ನಮ್ಮಲ್ಲಿಗೆ ಬರಲಿಲ್ಲ. ಆ ಮಧ್ಯಾಹ್ನ ಅಕ್ಕ ನನ್ನ ಮೇಜನ್ನು ಮೂಲೆಯಿಂದ ದರದರನೆ ಎಳೆದು, ರಸ್ತೆಗೆ ಕಾಣುವಂತೆ ಬಾಗಿಲ ಪಕ್ಕ ಹಾಕಿದರು. "ಇಲ್ಲಿ ಬೆಳಕು ಉಂಟು" ಎಂದಷ್ಟೇ ಹೇಳಿದರು. ಹೋಗಿ ಬರುವವರೆಲ್ಲ ನೋಡುವಾಗ ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಎನಿಸಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಗಿರಾಕಿಗಳು ನೇರ ನನ್ನ ಮೇಜಿಗೇ ಬರುತ್ತಿದ್ದರು.

ಕೆಲವು ವರ್ಷಗಳ ನಂತರ ಅಕ್ಕನ ಮಗಳ ಮದುವೆ. ಮದುಮಗಳ ಕಾರಿನ ಸೆಟ್ಟೂ ಆ ವರ್ಷ ನೀರು ಕುಡಿದು ನನ್ನ ಕೈಯಲ್ಲಿ ಒಣಗಿದ್ದು. ಹೊರಡುವ ಹೊತ್ತಿಗೆ ನಾನು ಮದುವೆ ಹಾಲ್‌ನ ಕಂಬದ ಹಿಂದೆ ನಿಂತಿದ್ದೆ. ನೆಂಟರೆಲ್ಲ ಕಾರಿನ ಸುತ್ತ ಇದ್ದರು. ಅಂದು ಮಾತ್ರ ಎರಡೂ ಕಿವಿಗೆ ಓಲೆ ಹಾಕಿದ್ದ ಅಕ್ಕ ಗಟ್ಟಿಯಾಗಿ ಕರೆದರು:

"ಎಲ್ಲಿ ಅಡಗಿದ್ದಿ? ಬಾ. ನೀನು ರಿಪೇರಿ ಮಾಡಿದ್ದು, ನೀನೇ ಹಾಕು."

ಯಾರೋ ಪಿಸುಗುಟ್ಟಿದರು. ನಾನು ಗುಂಡಿಯ ಹತ್ತಿರ ಕೈ ಒಯ್ದು ನಿಲ್ಲಿಸಿದೆ.

"ಒಣಗಿದೆ ಮಾರಾಯ್ತಿ. ಹಾಕು."

ಒತ್ತಿದೆ. ಒಂದು ಚೂರೂ ಕೆರೆಯದೆ ಮದುವೆಯ ಸ್ಯಾಕ್ಸೋಫೋನ್ ನಾದ ತುಂಬಿ ಬಂತು. ಮದುಮಗಳು ಬಗ್ಗಿ ನನ್ನ ಕಾಲು ಮುಟ್ಟಿದಳು.

ಕಳೆದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡರು. ಅಂಗಡಿ ಈಗ ಆ ಮಗಳದು. ಬಾಗಿಲ ಪಕ್ಕದ ಮೇಜು ಇನ್ನೂ ನನ್ನದು. ನನ್ನ ಎಡಗಿವಿಯ ಓಲೆ ಎಲ್ಲಿ ಬಿದ್ದುಹೋಯಿತು ಎಂದು ನೀವು ಕೇಳಿದಾಗ ನಕ್ಕು ಸುಮ್ಮನಾಗಿದ್ದೆ, ಬಾಯಲ್ಲಿ ಹೇಳಲು ಸಂಕೋಚ, ಅದಕ್ಕೇ ಇದನ್ನು ಬರೆದೆ. ಬಿದ್ದಿಲ್ಲ, ಕಪಾಟಿನ ಡಬ್ಬಿಯಲ್ಲಿದೆ. ಯಾರಾದರೂ ಕೇಳಿದರೆ ಹೇಳಿ, ನಮ್ಮ ಅಜ್ಜಿ ಸ್ಪೀಕರ್ ರಿಪೇರಿ ಮಾಡ್ತಾರೆ ಅಂತ.